ಯಾರ ಪೈಕಿ ಎಂದು ಯಾರಾದರೂ ಕೇಳಿದರೆ

ಮಾನ್ವಿ,
ಶನಿವಾರ ಬೆಳಿಗ್ಗೆ

ನನ್ನ ಶಿಷ್ಯ ಜಯಸಿಂಹನಿಗೆ,

ನಿನಗೂ ನಿನ್ನ ಮನೆಯವರಿಗೂ ಒಳಿತಾಗಲಿ ಎಂದು ಹಾರೈಸಿಯೇ ಈ ಕಾಗದವನ್ನು ಆರಂಭಿಸುತ್ತಿದ್ದೇನೆ. ಮುಂದಿನ ಮಾತುಗಳು ನಿಷ್ಠುರವೆನಿಸಿದರೆ ಈ ಮೊದಲ ಸಾಲನ್ನು ಮರೆಯಬೇಡ.

ನಿನ್ನೆ ನೀನು ಫೋನು ಮಾಡಿದಾಗ ನಿನ್ನ ಮಾತಿನ ನಡುವೆಯೇ ನಾನು ಕರೆಯನ್ನು ಕಡಿದೆ. ನೆಟ್‌ವರ್ಕ್ ಹೋಯಿತೆಂದು ತಿಳಿದು ನೀನು ಮತ್ತೆ ಮತ್ತೆ ಪ್ರಯತ್ನಿಸಿದೆ. ನೆಟ್‌ವರ್ಕ್ ಹೋಗಿರಲಿಲ್ಲ. ಆರನೆಯ ತರಗತಿಯಲ್ಲಿ ನೀನು ಅರ್ಧ ಉತ್ತರ ಹೇಳಿ ಕುಳಿತುಬಿಟ್ಟರೆ, "ಏಳು, ವಾಕ್ಯ ಮುಗಿಸಿ ಕೂಡು" ಎಂದು ಎಬ್ಬಿಸುತ್ತಿದ್ದವಳು ನಾನು. ಅಂಥವಳು ನಿನ್ನ ವಾಕ್ಯವನ್ನು ಮುಗಿಯಗೊಡಲಿಲ್ಲ. ಅದರ ಕಾರಣವನ್ನು ನಿನಗೆ ತಿಳಿಸಬೇಕು. ಫೋನಿನಲ್ಲಿ ಹೇಳಲಾರೆ, ನನ್ನ ದನಿ ಈಚೆಗೆ ನನ್ನ ಮಾತು ಕೇಳುವುದಿಲ್ಲ. ಬರವಣಿಗೆ ಮಾತ್ರ ಇನ್ನೂ ನನ್ನ ಹಿಡಿತದಲ್ಲಿದೆ.

ನೀನು ಹೇಳಿದ್ದು ಶುಭವಾರ್ತೆಯೇ. ವಿಶಾಖಾಳಿಗೆ ನಿಮ್ಮ ಬೀಜದ ಕಂಪನಿಯ ಪ್ರಯೋಗಾಲಯದಲ್ಲಿ ಕೆಲಸವಾಯಿತು. ಆ ಸುದ್ದಿ ನಿನ್ನ ಕರೆಗಿಂತ ಮೊದಲೇ ಅವಳ ಮೊಬೈಲಿಗೆ ಬಂದಿತ್ತು. ನೀನು ಕರೆ ಮಾಡಿದ ಹೊತ್ತಿಗೆ ಅವಳು ಪೇಢೆ ತರಲು ಬಸ್ ನಿಲ್ದಾಣದ ಕಡೆ ಓಡಿದ್ದಳು. ಮನೆಯಲ್ಲಿ ನಾನೊಬ್ಬಳೇ ಇದ್ದೆ. ಅದು ನನ್ನ ಪುಣ್ಯವೆಂದೇ ಹೇಳಬೇಕು.

ವಿಶಾಖಾ ನನಗೆ ಯಾರೆಂಬುದು ನಿನಗೆ ತಿಳಿಯದು. ನೀನು ಶಾಲೆ ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ ನಮ್ಮ ಶಾಲೆಗೆ ಬಿಸಿಯೂಟದ ಅಡುಗೆಗೆಂದು ದೇವದುರ್ಗದ ಕನಕಮ್ಮ ಬಂದಳು. ವಿಶಾಖಾ ಅವಳ ಮಗಳು. ತಂದೆ ಆನಂದನಿಗೆ ಹತ್ತಿ ಮಿಲ್ಲಿನಲ್ಲಿ ಕೆಲಸ; ತಾನು ಬುದ್ಧನ ದಾರಿ ಹಿಡಿದ ವರ್ಷ ಹುಟ್ಟಿದ ಮಗುವಿಗೆ ಆ ಹೆಸರಿಟ್ಟ. ಆ ಹುಡುಗಿ ನಮ್ಮ ಶಾಲೆಯಲ್ಲಿಯೇ ಓದಿದಳು. ಮುಂದೆ ರಾಯಚೂರಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿ ಮೊದಲ ದರ್ಜೆಯಲ್ಲಿ ತೇರ್ಗಡೆಯಾದಳು. ಆಮೇಲೆ ಸಂದರ್ಶನದಿಂದ ಸಂದರ್ಶನಕ್ಕೆ ಹೋಗಿ, ಹೋದಲ್ಲೆಲ್ಲ ಬಾಯಿ ಕಟ್ಟಿ ಹಿಂದಿರುಗಿದಳು. ಫೋನಿನಲ್ಲಾಗಲಿ, ಎದುರಿಗಾಗಲಿ, ಮೊದಲ ಪ್ರಶ್ನೆಗೇ ಅವಳು ಮೂಕಳಾಗುತ್ತಿದ್ದಳು.

ಕಳೆದ ಮಳೆಗಾಲದಲ್ಲಿ ಕನಕಮ್ಮ ಮಗಳನ್ನು ಕರೆದುಕೊಂಡು ನನ್ನ ಮನೆಗೆ ಬಂದಳು. ಈಗ ಅವಳು ಅಡುಗೆ ಕೆಲಸ ಬಿಟ್ಟು ದೇವದುರ್ಗಕ್ಕೆ ಹಿಂದಿರುಗಿದ್ದಾಳೆ. ಮೊಣಕಾಲು ಆ ದೊಡ್ಡ ಪಾತ್ರೆಗಳನ್ನು ಹೊರಲು ಬಿಡುವುದಿಲ್ಲ. "ಅಕ್ಕೋರ, ಓದಿದ್ದೆಲ್ಲಾ ಆಕಿ ಹೊಟ್ಟ್ಯಾಗ ಅದ. ಕೇಳೋರು ಎದುರಿಗೆ ಬಂದ್ರ ಬಾಯಿಗೆ ಬೀಗ ಬೀಳ್ತದ. ನೀವಾ ಒಂದಿಷ್ಟು ತಿದ್ದ್ರಿ" ಎಂದಳು. ವಿಶಾಖಾ ನೆಲ ನೋಡುತ್ತಾ ನಿಂತಿದ್ದಳು. ದೇವದುರ್ಗದ ಬಟ್ಟೆ ಅಂಗಡಿಯೊಂದರಲ್ಲಿ ದೀಪಾವಳಿಯ ನಂತರ ಕೆಲಸಕ್ಕೆ ಬರುವುದಾಗಿ ಅವಳು ಆಗಲೇ ಒಪ್ಪಿಕೊಂಡಿದ್ದಳು. "ಈ ಬೀಜದ ಕಂಪನಿದೊಂದ ನೋಡ್ತೀನ್ರಿ ಅಕ್ಕೋರ. ಇದಾಗಲಿಲ್ಲಂದ್ರ ಪುಸ್ತಕ ಕಟ್ಟಿ ಅಟ್ಟಕ್ಕ ಇಡ್ತೀನಿ. ಮತ್ತ ಯಾರೂ ನನ್ನ ಏನೂ ಕೇಳಬಾರದು" ಎಂದಳು. ಬಟ್ಟೆ ಅಂಗಡಿಯ ಕೆಲಸ ಕೀಳೆಂದು ನಾನು ಭಾವಿಸುವವಳಲ್ಲ. ಆದರೆ ಒಂದು ಕಾಳು ಹೇಗೆ ಮೊಳೆಯುತ್ತದೆ ಎಂಬುದನ್ನು ಕಣ್ಣರಳಿಸಿ ಹೇಳಬಲ್ಲ ಹುಡುಗಿ, ಯಾರೂ ತನ್ನನ್ನು ಏನೂ ಕೇಳಬಾರದು ಎಂಬ ಒಂದೇ ಕಾರಣಕ್ಕೆ ಅಲ್ಲಿಗೆ ಹೋಗುವುದು ನನ್ನಿಂದ ಸಹಿಸಲಾಗಲಿಲ್ಲ. "ಇಲ್ಲೇ ಇರು" ಎಂದೆ.

ಅವಳು ನನ್ನ ಮನೆಯಲ್ಲಿಯೇ ಉಳಿದಳು. ನಿನ್ನ ಮನೆಯಂತೆಯೇ ನನ್ನದೂ ಮಡಿ ಮೈಲಿಗೆಯ ಮನೆ ಎಂಬುದು ನಿನಗೆ ಗೊತ್ತು. ಅವಳು ಅಡುಗೆಮನೆಗೆ ಕಾಲಿಟ್ಟ ದಿನದಿಂದ ನನ್ನ ನಾದಿನಿ ಈ ಕಡೆ ಬರುವುದನ್ನು ನಿಲ್ಲಿಸಿದಳು. ನಾನು ಕರೆಯಲೂ ಇಲ್ಲ. ಅದನ್ನು ಇಲ್ಲಿ ಹಿಗ್ಗಿ ಬರೆಯುವ ಅಗತ್ಯವಿಲ್ಲ.

ಪ್ರತಿದಿನ ಪೂಜೆ ಮುಗಿದ ಮೇಲೆ ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ನಾನು ಸಂದರ್ಶಕಿಯಾಗುತ್ತಿದ್ದೆ. ಮೊದಲನೆಯದು ವಿಡಿಯೊ ಕರೆಯ ಸಂದರ್ಶನವೆಂದು ನಿಮ್ಮವರು ತಿಳಿಸಿದ್ದರಿಂದ ಅದರ ವಿದ್ಯೆಯನ್ನು ಹೇಳಿಕೊಡಲು ಮೊಬೈಲ್ ಅಂಗಡಿಯ ನಯೀಮ್ ಬಂದ. ಅವನೂ ನನ್ನ ಶಿಷ್ಯನೇ. ಕಾಗುಣಿತದಲ್ಲಿ ನಿನಗಿಂತ ದುರ್ಬಲ, ಬುದ್ಧಿಯಲ್ಲಿ ಅಲ್ಲ. "ಬೆಳಕು ಮಾರಿ ಮ್ಯಾಲ ಬೀಳಬೇಕು ಅಕ್ಕೋರ, ಬೆನ್ನ ಹಿಂದ ಕಿಡಕಿ ಇದ್ರ ಹುಡುಗಿ ದೆವ್ವ ಕಂಡಂಗ ಕಾಣ್ತಾಳ" ಎನ್ನುತ್ತಾ ನನ್ನ ಬೇಳೆ ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸಿ ಅದರ ಮೇಲೆ ಫೋನು ನಿಲ್ಲಿಸಿದ. ಎದುರಿನವರ ಮುಖವನ್ನಲ್ಲ, ಫೋನಿನ ಮೇಲಿನ ಆ ಸಣ್ಣ ಕಣ್ಣನ್ನೇ ನೋಡಿ ಮಾತನಾಡಬೇಕಂತೆ. ಹಿರಿಯರ ಮುಖ ಬಿಟ್ಟು ತೂತನ್ನು ನೋಡಿ ಮಾತನಾಡುವುದು ಎಂಥ ಸಭ್ಯತೆ ಎಂದು ನಾನು ವಾದಿಸಿದೆ. "ಅಕ್ಕೋರ, ಆ ತೂತಿನ್ಯಾಗನ ಅವರು ಕುಂತಿರ್ತಾರ" ಎಂದು ನಯೀಮ್ ನನ್ನ ಬಾಯಿ ಮುಚ್ಚಿಸಿದ.

ನನ್ನ ಕಟ್ಟಳೆಗಳೂ ಇದ್ದವು. ಪ್ರಶ್ನೆ ಮುಗಿಯುವ ತನಕ ಉತ್ತರ ಹೇಳಬಾರದು. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ನೇರವಾಗಿ ಒಪ್ಪಿಕೊಳ್ಳಬೇಕು. ಕೈಬೆರಳು ಸೆರಗನ್ನು ತಿರುವಬಾರದು. ಹಿರಿಯರು ಬಂದಾಗ ಎದ್ದು ನಿಲ್ಲಬೇಕು. ನಿನಗೂ ಇವನ್ನೇ ಕಲಿಸಿದ್ದೆ. ನಾನು ಕನ್ನಡಕದ ಮೇಲಿಂದ ದೃಷ್ಟಿಸಿ ಪ್ರಶ್ನೆ ಕೇಳಿದರೆ ಅವಳು ಬಿದ್ದು ಬಿದ್ದು ನಗುತ್ತಿದ್ದಳು. "ನೀವು ಹಿಂಗ ಕಣ್ಣ ಬಿಟ್ರ ಕಂಪನಿ ಮಾಲಕನೂ ರಾಜೀನಾಮಿ ಕೊಟ್ಟು ಓಡಿ ಹೋಗ್ತಾನ್ರಿ" ಎನ್ನುತ್ತಿದ್ದಳು. ಮೊಳಕೆಯ ಪ್ರಮಾಣ, ಬೀಜದ ತೇವ, ಮಾದರಿ ತೆಗೆಯುವ ಬಗೆ, ಯಾವುದನ್ನು ಕೇಳಿದರೂ ನಿರರ್ಗಳವಾಗಿ ಹೇಳುತ್ತಿದ್ದಳು. ಆದರೆ ಸಂದರ್ಶನವೆಂದರೆ ಎಲ್ಲಕ್ಕೂ ಮೊದಲು ಬರುವ ಆ ಒಂದು ಪ್ರಶ್ನೆ ಇದೆಯಲ್ಲ, "ನಿಮ್ಮ ಬಗ್ಗೆ ಹೇಳಿ" ಎಂಬುದು, ಅದನ್ನು ಕೇಳಿದೊಡನೆ ನಗುತ್ತಿದ್ದ ಮುಖ ಕಲ್ಲಾಗುತ್ತಿತ್ತು. ತನ್ನ ಹೆಸರು, ತಂದೆಯ ಹೆಸರು, ದೇವದುರ್ಗ. ಅಷ್ಟೇ. ಮುಂದೆ ಗಂಟಲಿನಿಂದ ಗಾಳಿಯೂ ಹೊರಡುತ್ತಿರಲಿಲ್ಲ.

ನಾನು ಬರೆದುಕೊಟ್ಟು ಬಾಯಿಪಾಠ ಮಾಡಿಸಿದೆ. ಗದರಿಸಿದೆ. ಒಂದು ಬೆಳಿಗ್ಗೆ ತಾಳ್ಮೆ ಕೆಟ್ಟು, "ಇಷ್ಟು ಸುಲಭದ ಪ್ರಶ್ನೆಗೆ ಏನು ಕಷ್ಟ ನಿನಗೆ?" ಎಂದು ಕೇಳಿಯೇಬಿಟ್ಟೆ. ಅವಳು ಹೇಳಿದಳು: "ಅಕ್ಕೋರ, ಸಣ್ಣಾಕಿದ್ದಾಗ ಅವ್ವನ ಕೂಡ ಮದಿವಿ ಮನಿಗಳಿಗೆ ಪಾತ್ರಿ ತಿಕ್ಕಾಕ ಹೋಗ್ತಿದ್ದೆ. ಎಲ್ಲಾರೂ ಚಲೋತ್ನಾಗೇ ಮಾತಾಡಸ್ತಿದ್ರು. ಶಾಣ್ಯಾಕಿ ಅದಿ ಅಂತಿದ್ರು. ಆಮ್ಯಾಲ, ನೀ ಯಾರ ಪೈಕಿ ಕೂಸ, ಅಂತ ಕೇಳ್ತಿದ್ರು. ಕೇಳೂ ತನಕ ನೀರಿಗೆ ಸ್ಟೀಲಿನ ಗಿಲಾಸ ಇರ್ತಿತ್ರಿ. ಹೇಳಿದ ಮ್ಯಾಲ ಕಾಗದದ್ದು ಬರ್ತಿತ್ತು. ಈಗೂ ನಿಮ್ಮ ಬಗ್ಗೆ ಹೇಳ್ರಿ ಅಂದ್ರ ನನಗ ಅದಾ ಕೇಳಸ್ತದ. ಹೇಳಿದ್ರ ಗಿಲಾಸ ಬದಲಾಗ್ತದಂತ ಅನಸ್ತದ್ರಿ."

ಜಯಸಿಂಹ, ನನ್ನ ಆಯುಷ್ಯವೆಲ್ಲ ಇನ್ನೊಬ್ಬರ ಉತ್ತರಗಳನ್ನು ತಿದ್ದುವುದರಲ್ಲಿ ಕಳೆಯಿತು. ಆ ಉತ್ತರದಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ. ನಮ್ಮ ಸೀಮೆಯಲ್ಲಿ ಯಾರ ಪೈಕಿ, ಯಾವ ಕುಲ ಎಂಬ ಪ್ರಶ್ನೆಗೆ ನೀನೂ ನಾನೂ ನಗುನಗುತ್ತ ಉತ್ತರಿಸಿದ್ದೇವೆ. ಉತ್ತರ ಹೇಳಿದ ಮೇಲೆ ನಮಗೆ ಮಣೆ ಹಾಕಿದ್ದಾರೆ. ಅದೇ ಪ್ರಶ್ನೆ ಒಂದು ಮಗುವಿನ ಕೈಯಿಂದ ಲೋಟವನ್ನು ಹೇಗೆ ಕಸಿಯುತ್ತದೆಂದು ನನಗೆ ಯಾವ ಪಾಠದಲ್ಲೂ ಬಂದಿರಲಿಲ್ಲ. ನಾನು ಎದ್ದು ಒಳಗೆ ಹೋದೆ. ಸ್ವಲ್ಪ ಹೊತ್ತಿನ ಮೇಲೆ ಬಂದು, "ಹೆಸರಿನಿಂದ ಶುರು ಮಾಡಬೇಡ, ಕೆಲಸದಿಂದ ಶುರು ಮಾಡು. ನಿನ್ನ ಕೈ ಇದುವರೆಗೆ ಏನು ಮಾಡಿದೆಯೋ ಅದನ್ನು ಮೊದಲು ಹೇಳು. ಹೆಸರು ಆಮೇಲೆ ತಾನೇ ಬರುತ್ತದೆ" ಎಂದೆ. ಅದು ಪರಿಹಾರವಲ್ಲ, ಹಳ್ಳ ತಪ್ಪಿಸುವ ಅಡ್ಡದಾರಿ ಎಂಬುದು ಇಬ್ಬರಿಗೂ ಗೊತ್ತಿತ್ತು. ಆದರೂ ಅವಳು ಅದನ್ನು ಹಿಡಿದು ನಡೆಯಲು ಕಲಿತಳು.

ವಿಡಿಯೊ ಸಂದರ್ಶನದ ದಿನ ನಾನು ಒಳಗಿನ ಕೋಣೆಯ ಬಾಗಿಲು ಹಾಕಿಕೊಂಡು ಕುಳಿತೆ. ಬೆಳಿಗ್ಗೆಯೇ ಕರೆಂಟು ಹೋಗಿತ್ತು. ನಯೀಮ್ ತನ್ನ ಅಂಗಡಿಯ ಬ್ಯಾಟರಿಯನ್ನು ತಂದಿಟ್ಟು, "ಮಿಕ್ಸರ್ ಹಚ್ಚಬ್ಯಾಡ್ರಿ, ಯಾರರೆ ಬಂದ್ರ ಬಾಗಲಾ ತಗೀಬ್ಯಾಡ್ರಿ, ಕೆಮ್ಮಬ್ಯಾಡ್ರಿ" ಎಂದು ನನಗೇ ಶಿಸ್ತು ಕಲಿಸಿ ಹೋಗಿದ್ದ. ಬಾಗಿಲಿನಾಚೆ ನಿಮ್ಮವರ ಪ್ರಶ್ನೆಗಳು ಇಂಗ್ಲಿಷಿನಲ್ಲಿ ಬರುತ್ತಿದ್ದವು. ಅವಳು ಕೆಲಸದಿಂದ ಶುರು ಮಾಡಿದಳು. ಹತ್ತಿಯ ಕಾಳಿನ ಮಾತು ಬಂದ ಮೇಲೆ ದನಿ ತಾನಾಗಿಯೇ ತಿಳಿಯಾಯಿತು. ನಾನು ಉಸಿರನ್ನು ಎಣಿಸುವಂತೆ ಅವಳ ಒಂದೊಂದು ವಾಕ್ಯವನ್ನೂ ಕೇಳುತ್ತಿದ್ದೆ. ಅಷ್ಟರಲ್ಲಿ ಹೊಸದೊಂದು ದನಿ ತಡವಾಗಿ ಬಂದು ಸೇರಿತು. ಕುರ್ಚಿ ಹಿಂದೆ ಸರಿದ ಸದ್ದಾಯಿತು. ಆ ಕಡೆ ಯಾರೋ ನಕ್ಕರು. ಹೊಸ ದನಿ ಕನ್ನಡದಲ್ಲಿ, "ಯಾಕ ನಿಂತ್ರೀ ತಂಗಿ? ಕೂಡ್ರಿ ಕೂಡ್ರಿ. ನಿಮ್ಮ ಮಾರಿ ಕಾಣವಲ್ದು, ಬರೇ ಕುಬಸ ಕಾಣ್ಲಿಕತ್ತದ" ಎಂದಿತು.

ಅವಳು ಎದ್ದು ನಿಂತಿದ್ದಳು. ಹಿರಿಯರೊಬ್ಬರು ಬಂದರಲ್ಲ, ಕಲಿತಂತೆ ಮಾಡಿದ್ದಳು. ಬೇಳೆ ಡಬ್ಬಿಯ ಮೇಲಿನ ಫೋನು ಅವಳ ಜೊತೆಗೆ ಏಳಲಿಲ್ಲ, ಅಷ್ಟೇ.

"ಹಿಂಗ ಎದ್ದು ನಿಲ್ಲೋದು ಯಾರು ಕಲಿಸ್ಯಾರ ನಿಮಗ?" ಎಂದು ಆ ದನಿ ಕೇಳಿತು. "ನಮ್ಮ ಅಕ್ಕೋರ್ರಿ" ಎಂದಳು. "ಯಾವ ಅಕ್ಕೋರು?" ಸ್ವಲ್ಪ ತಡೆದು, "ಸಾಲ್ಯಾಗಿನ ಅಕ್ಕೋರ್ರಿ" ಎಂದಳು. ಗುರುಗಳ ಹೆಸರನ್ನು ಬಾಯಲ್ಲಿ ಹೇಳಬಾರದೆಂಬುದು ಅವಳ ತಾಯಿ ಕಲಿಸಿದ ನಡತೆ. ಅಷ್ಟು ಹೊತ್ತಿಗೆ ಆ ದನಿ ಯಾರದೆಂದು ನಾನು ಗುರುತಿಸಿದ್ದೆ. ಪ್ರಶ್ನೆಗೆ ಮೊದಲು ಗಂಟಲು ಸರಿಮಾಡಿಕೊಳ್ಳುವ ನಿನ್ನ ಆ ಅಭ್ಯಾಸವನ್ನು ಬಿಡಿಸಲು ನಾನು ಪಟ್ಟ ಪಾಡು ನನಗೆ ಮರೆತಿಲ್ಲ. ಕೊನೆಯಲ್ಲಿ ನೀನೇ ನಿನ್ನ ಹೆಸರು ಹೇಳಿದೆ. ಮಾನ್ವಿ ನಮ್ಮೂರೇ ಎಂದೂ ಹೇಳಿದೆ. ಮರದ ಬಾಗಿಲಿನ ಈಚೆ ನನ್ನ ಕಣ್ಣು ತುಂಬಿ ಬಂತು. ಸಂತೋಷಕ್ಕೋ ದಿಗಿಲಿಗೋ ನನಗೆ ತಿಳಿಯಲಿಲ್ಲ.

ಮುಖಾಮುಖಿ ಸಂದರ್ಶನಕ್ಕೆ ರಾಯಚೂರಿಗೆ ಬರಬೇಕೆಂಬ ಸಂದೇಶ ಬಂದಾಗ ನಾನು ಬಾಯಿ ತಪ್ಪಿ, "ಜಯಸಿಂಹ ನನ್ನ ಶಿಷ್ಯ" ಎಂದುಬಿಟ್ಟೆ. ಮಗಳಿಂದ ಅದನ್ನು ಕೇಳಿ ಕನಕಮ್ಮ ಮರುದಿನವೇ ದೇವದುರ್ಗದಿಂದ ಬಸ್ಸು ಹತ್ತಿ ಬಂದಳು. ಯಾರ ಯಾರ ಕಡೆಯಿಂದಲೋ ಸಂಪಾದಿಸಿದ ನಿನ್ನ ನಂಬರನ್ನು ಚೀಟಿಯಲ್ಲಿ ಬರೆಸಿಕೊಂಡು ಬಂದು ನನ್ನ ಮೇಜಿನ ಮೇಲಿಟ್ಟಳು. "ಒಂದ ಫೋನ್ ಹಚ್ಚಿ ಹೇಳ್ರಿ ಅಕ್ಕೋರ. ಎಲ್ಲಾರಿಗೂ ಹೇಳೋರು ಇರ್ತಾರ. ನಮಗ ಹುಟ್ಟಿದಾಗಿಂದ ಯಾರೂ ಇದ್ದಿಲ್ಲ. ಈಗ ನೀವು ಅದೀರಿ" ಎಂದಳು. ಅವಳ ಮಾತಿನಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ. ನನ್ನ ಕೈ ಫೋನಿನ ಕಡೆ ಹೋಯಿತೆಂಬುದನ್ನೂ ಮುಚ್ಚಿಡುವುದಿಲ್ಲ.

ತಡೆದವಳು ವಿಶಾಖಾ. ಬಾಗಿಲಲ್ಲಿ ನಿಂತೇ ಹೇಳಿದಳು: "ಬ್ಯಾಡ್ರಿ ಅಕ್ಕೋರ. ನೀವು ಹೇಳಿದ್ರ ಕೆಲಸ ಆಗ್ತದ. ಆದ್ರ ಅಲ್ಲಿ ಇರೂತನಕ ನಾ ನಿಮ್ಮ ಪೈಕಿ ಅಂತ ಇರ್ತೀನಿ. ಒಂದ ಸಲರೆ ನಾ ನನ್ನ ಪೈಕಿನ ಹೋಗಿ ಬರ್ತೀನ್ರಿ. ಆಣಿ ಮಾಡ್ರಿ, ಅವರಿಗೆ ನಿಮ್ಮ ಹೆಸರ ತಿಳೀಬಾರದು." ತಾಯಿ ಹಣೆ ಚಚ್ಚಿಕೊಂಡಳು, "ಓದಿಸಿದ್ದಕ್ಕ ಚಲೋ ಮಾತ ಕಲ್ತೀ ಬಿಡಬೇ" ಎಂದು ಮಗಳನ್ನು ಬೈದಳು. ನಾನು ವಿಶಾಖಾಳ ತಲೆಯ ಮೇಲೆ ಕೈಯಿಟ್ಟು ಮಾತು ಕೊಟ್ಟೆ.

ಸಂದರ್ಶನದ ದಿನ ನಾನು ರಾಯಚೂರಿಗೆ ಬರಬಾರದಿತ್ತು. ಆದರೆ ಮನೆಯಲ್ಲಿ ಕೂಡಲು ಆಗಲಿಲ್ಲ. ವಿಶಾಖಾಳ ಹೊಸ ಚಪ್ಪಲಿ ಕಚ್ಚುತ್ತಿತ್ತು. ನಿಮ್ಮ ಗೇಟಿನ ತನಕ ಕುಂಟುತ್ತಾ ಬಂದು, ಗೇಟು ಹೊಕ್ಕ ಮೇಲೆ ನೆಟ್ಟಗೆ ನಡೆದಳು. ನಾನೂ ಕನಕಮ್ಮನೂ ರಸ್ತೆಯ ಈಚೆ, ಹಳೆಯ ಗೋಡೆಗೆ ತಾಡಪತ್ರಿ ಕಟ್ಟಿದ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತೆವು. ಅವಳು ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಿದ್ದಳು. ಮಗಳು ಬರದೆ ಗಂಟು ಬಿಚ್ಚಲೊಲ್ಲಳು. ಬಿಸಿಲು ಏರಿತು. ರಸ್ತೆಯಲ್ಲಿ ಭತ್ತದ ಲಾರಿಗಳು ಹೋಗುತ್ತಿದ್ದವು. ಇಬ್ಬರೂ ಗೇಟನ್ನೇ ನೋಡುತ್ತಾ ಕುಳಿತಿದ್ದೆವು.

ಆಗ ಗೇಟಿನಿಂದ ನೀನೇ ಹೊರಗೆ ಬಂದೆ, ಇನ್ನೊಬ್ಬ ಅಧಿಕಾರಿಯ ಜೊತೆಗೆ. ನೇರವಾಗಿ ಆ ಅಂಗಡಿಯ ಕಡೆಗೇ ಬಂದೆ. ಒಳಗೆ ಅಷ್ಟು ದೊಡ್ಡ ಕ್ಯಾಂಟೀನು ಇರುವಾಗ ತಾಡಪತ್ರಿಯ ಕೆಳಗಿನ ಚಹಾ ನಿನಗೇಕೆ ಬೇಕಾಯಿತೋ! ತಲೆಗೂದಲು ನರೆತು, ಮೈ ತುಂಬಿಕೊಂಡು, ನಿನ್ನ ತಂದೆಯಂತೆಯೇ ಕಾಣುತ್ತಿದ್ದೆ. ನಾನು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಗೋಡೆಯ ಕಡೆ ತಿರುಗಿ ನಿನಗೆ ಬೆನ್ನು ಮಾಡಿ ಕುಳಿತೆ. ನೀನು ಒಂದು ಮಾರು ದೂರದಲ್ಲಿ ನಿಂತು ಚಹಾ ಕುಡಿಯುತ್ತಾ ಜೊತೆಯವನಿಗೆ ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: "ಆ ದೇವದುರ್ಗದ ಹುಡುಗಿ ಭಾಳ ಚಲೋ ಹೇಳಿದ್ಲು. ಆದ್ರ ಆ ಇನ್ನೊಬ್ಬ ಹುಡುಗ ದೊಡ್ಡ ಸಾಹೇಬ್ರ ಪೈಕಿ ಅದಾನ. ಈಕಿಗೆ ಹೇಳೋರು ಯಾರೂ ಇಲ್ಲ ನೋಡ್ರಿ."

ಕನಕಮ್ಮ ನನ್ನ ಮುಂಗೈ ಹಿಡಿದಳು. ಬಿಸಿಯೂಟದ ಹಂಡೆ ಎತ್ತಿದ ಕೈ ಅದು. ಬಳೆ ಒಡೆಯುವ ಹಾಗೆ ಹಿಡಿದಳು. "ಅಕ್ಕೋರ, ಒಂದ ಸಲ ತಿರುಗ್ರಿ. ಮಾತಾಡಬ್ಯಾಡ್ರಿ, ಬರೇ ತಿರುಗ್ರಿ" ಎಂದು ಪಿಸುಗುಟ್ಟಿದಳು. ನನ್ನ ಮುಂದೆ ಹೊಗೆ ಹಿಡಿದ ಗೋಡೆ ಇತ್ತು. ಹೇಳುವವರು ಯಾರೂ ಇಲ್ಲ ಎಂದ ನೀನು ನನ್ನ ಬೆನ್ನ ಹಿಂದಿದ್ದೆ. ಹೇಳಬೇಕಾದ ನಾನು ನಿನ್ನ ಮುಂದಿದ್ದೆ. ನಡುವೆ ಆ ಹುಡುಗಿಯ ತಲೆಯ ಮೇಲೆ ಕೈಯಿಟ್ಟು ಕೊಟ್ಟ ಮಾತಿತ್ತು. ನಾನು ತಿರುಗಲಿಲ್ಲ. ನೀನು ಲೋಟವನ್ನಿಟ್ಟು ಹಿಂದಿರುಗಿದೆ. ಗೇಟು ಮುಚ್ಚಿದ ಮೇಲೆ ಕನಕಮ್ಮ ನನ್ನ ಕೈ ಬಿಟ್ಟು ದೂರ ಸರಿದು ಕುಳಿತಳು. "ನಿಮ್ಮ ಮಾತೇನು ಬಂಗಾರದ್ದೇನ್ರಿ ಅಕ್ಕೋರ, ಇಷ್ಟು ಮುಚ್ಚಿ ಇಟಗೊಳ್ಳಾಕ?" ಎಂದಳು. ಇಷ್ಟು ವರ್ಷದಲ್ಲಿ ಆ ಹೆಂಗಸು ನನಗೆ ಎದುರಾಡಿದ್ದು ಅದೊಂದೇ ಸಲ.

ವಿಶಾಖಾ ಹೊರಗೆ ಬಂದಾಗ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ರಸ್ತೆ ದಾಟಿದಳು. ಅವಳು ಹಾಗೆ ನಗುತ್ತಾ ಬಂದದ್ದನ್ನು ನಾನು ಎಂದೂ ಕಂಡಿರಲಿಲ್ಲ. "ಅಕ್ಕೋರ, ನಿಮ್ಮ ಬಗ್ಗೆ ಹೇಳ್ರಿ ಅಂದ್ರು. ಅಡ್ಡದಾರಿ ಹಿಡೀಲಿಲ್ರಿ. ಹೆಸರ ಹೇಳಿದೆ, ಅಪ್ಪನ ಹೆಸರ ಹೇಳಿದೆ. ದೇವದುರ್ಗದಾಗ ಯಾವ ಓಣಿ ಅಂದ್ರು. ಓಣಿ ಹೆಸರೂ ಹೇಳಿದೆ. ನಮ್ಮವ್ವ ಸಾಲ್ಯಾಗ ಅಡಗಿ ಮಾಡ್ತಿದ್ಲು, ಅಲ್ಲೇ ಕಾಳು ಆರಿಸ್ತಾ ಬೀಜದ ಹುಚ್ಚು ಹಿಡೀತು ಅಂತ ಹೇಳಿದೆ. ಗಂಟಲ ಕಟ್ಟಲಿಲ್ರಿ!" ಎಂದಳು. ಆ ಓಣಿಯ ಹೆಸರು ಕೇಳಿದ ಮೇಲೆ ನಮ್ಮ ಕಡೆ ಯಾರಿಗೂ ಬೇರೆ ಪ್ರಶ್ನೆ ಬೇಕಾಗುವುದಿಲ್ಲ ಎಂಬುದು ನಿನಗೆ ಗೊತ್ತು. "ಆಮ್ಯಾಲ?" ಎಂದು ಕನಕಮ್ಮ ಕೇಳಿದಳು. "ಆಮ್ಯಾಲೇನು, ನೀರ ಕುಡೀತೀರೇನಂತ ಕೇಳಿದ್ರು. ಅವರು ಕುಡದಂಥ ಗಿಲಾಸನ್ಯಾಗ ಕೊಟ್ರು" ಎಂದು ಹೇಳಿ ಅವಳು ರೊಟ್ಟಿಯ ಗಂಟು ಬಿಚ್ಚಿದಳು. ತಾಯಿಯೂ ನಾನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಚಹಾದಂಗಡಿಯಲ್ಲಿ ಕೇಳಿದ್ದನ್ನು ಅವಳಿಗೆ ಹೇಳಲಿಲ್ಲ. ಅವಳು ಗೆದ್ದು ಬಂದಿದ್ದಳು, ಅವಳ ಗೆಲುವು ಎಣಿಕೆಗೆ ಬಾರದೆಂದು ನಾವಿಬ್ಬರೂ ತಿಳಿದಿದ್ದೆವು. ಅವಳು ಹಸಿದು ಉಂಡಳು, ನಮ್ಮ ಪಾಲಿನ ರೊಟ್ಟಿ ಗಂಟಿನಲ್ಲೇ ಉಳಿಯಿತು.

ಆಮೇಲೆ ನಿನ್ನೆ ಸಂದೇಶ ಬಂತು. ಅವಳು ಕುಣಿದಳು, ನನ್ನ ಎರಡೂ ಕೈ ಹಿಡಿದು ತಿರುಗಿಸಿದಳು. ಕೊನೆಗೂ ಲೋಕದಲ್ಲಿ ಹೇಳುವವರಿಲ್ಲದವರಿಗೂ ಒಂದು ದಾರಿಯಿದೆ ಎಂದು ನಾನು ನಂಬಿದೆ. ಆ ನಂಬಿಕೆ ನನ್ನ ಬಳಿ ಇದ್ದದ್ದು ಅವಳು ಪೇಢೆ ತರಲು ಹೋದಷ್ಟು ಹೊತ್ತು ಮಾತ್ರ.

ನಿನ್ನ ಫೋನು ಬಂತು. ಶಾಲೆಯಲ್ಲಿ ನನ್ನ ನಂಬರು ಕೇಳಿ ಪಡೆದೆನೆಂದು ಹೇಳಿದೆ. ನೀನು ಎಷ್ಟು ಪ್ರೀತಿಯಿಂದ ಮಾತನಾಡಿದೆಯೋ ಅಷ್ಟೂ ಶಬ್ದಗಳು ನನಗೆ ನೆನಪಿವೆ. "ಅಕ್ಕೋರ, ನಾ ಜಯಸಿಂಹ. ನಿಮ್ಮ ಹುಡುಗೀದು ಕೆಲಸ ಆತು. ಆಕಿ ಫೋನ್ ಮುಂದ ಎದ್ದು ನಿಂತಾಗನ ನನಗ ಅನುಮಾನ ಬಂತು. ಚಾದಂಗಡ್ಯಾಗ ಖಾತ್ರಿ ಆತು. ಮಾರಿ ಮುಚ್ಚಿಕೊಂಡ್ರ ಆತೇನ್ರಿ? ನೀವು ಬೋರ್ಡ್ ಮ್ಯಾಲ ಬರಿಯೂವಾಗ ವರ್ಷಗಟ್ಟಲೆ ನಿಮ್ಮ ಬೆನ್ನೇ ನೋಡೀನಿ. ನೀವು ತಿರುಗ್ತೀರೇನೋ ಅಂತ ಬೇಕಂತನ ಜೋರಾಗಿ ಹೇಳಿದೆ. ನೀವು ತಿರುಗಲಿಲ್ಲ. ಆದ್ರ ನಾ..."

ಅಲ್ಲಿಗೆ ನಾನು ಕಡಿದೆ.

ನೋಡು ನನ್ನ ಪಾಡನ್ನು. ಹೆಸರು ಹೇಳಬೇಡವೆಂದಳು, ಹೇಳಲಿಲ್ಲ. ಫೋನು ಬೇಡವೆಂದಳು, ಮಾಡಲಿಲ್ಲ. ಮುಖ ಕಾಣಬಾರದೆಂದು ಗೋಡೆಗೆ ತಿರುಗಿದೆ. ಆದರೆ ಅವಳು ಎದ್ದು ನಿಲ್ಲುವ ರೀತಿಯಲ್ಲಿ ನಾನಿದ್ದೆ. ತಿರುಗಿಸಿದ ಬೆನ್ನಿನಲ್ಲೂ ನಾನೇ ಇದ್ದೆ. ಮಾತನಾಡದೆ ಕುಳಿತದ್ದೇ ಎಲ್ಲಕ್ಕಿಂತ ದೊಡ್ಡ ಶಿಫಾರಸ್ಸಾಯಿತೋ ಏನೋ. ನನ್ನನ್ನು ನಾನು ಎಲ್ಲಿ ಅಡಗಿಸಿಡಬೇಕಿತ್ತು ಹೇಳು?

ನಿನ್ನ ಆ ವಾಕ್ಯದ ಉಳಿದ ಭಾಗ ಎರಡು ರೀತಿ ಇರಬಹುದು. ಆದರೆ ನಾನು ಅವಳ ಉತ್ತರಗಳನ್ನೇ ನೋಡಿ ಮಾಡಿದೆ, ಎಂದು ಇರಬಹುದು. ಆದರೆ ನಾನು ನಿಮ್ಮ ಸಲುವಾಗಿ ಮಾಡಿದೆ, ಎಂದೂ ಇರಬಹುದು. ಎರಡನೆಯದಾದರೆ ನಾನು ಆ ಹುಡುಗಿಯ ಮುಖ ನೋಡಲಾರೆ. ಮೊದಲನೆಯದಾದರೆ, ನೀನು ಸೌಜನ್ಯಕ್ಕೆ ಹೇಳುತ್ತಿದ್ದೀಯೆಂದು ಅನುಮಾನಿಸುತ್ತಲೇ ಇರುತ್ತೇನೆ. ನೀನು ಸುಳ್ಳು ಹೇಳುವವನಲ್ಲ ಎಂದು ಗೊತ್ತಿದ್ದೂ ಅನುಮಾನಿಸುತ್ತೇನೆ. ಆದ್ದರಿಂದ, ಯಾರ ವಾಕ್ಯವನ್ನೂ ಅರ್ಧಕ್ಕೆ ಬಿಡಗೊಡದ ನಾನು ನಿನ್ನನ್ನು ಬೇಡುತ್ತೇನೆ: ಆ ವಾಕ್ಯವನ್ನು ನನಗೆ ಎಂದೂ ಪೂರ್ತಿ ಮಾಡಬೇಡ. ಪತ್ರದಲ್ಲಿಯೂ ಬೇಡ.

ನಿನ್ನೆ ಫೋನು ಇಟ್ಟ ಸ್ವಲ್ಪ ಹೊತ್ತಿಗೆ ವಿಶಾಖಾ ಬಂದಳು. ನನ್ನ ಕಣ್ಣೀರನ್ನು ಅವಳು ತನ್ನ ಇಷ್ಟದಂತೆ ಅರ್ಥ ಮಾಡಿಕೊಂಡಳು. "ಬಾಯಿ ತಗೀರಿ ಅಕ್ಕೋರ" ಎಂದು ಪೇಢೆಯನ್ನು ತಾನೇ ನನ್ನ ಬಾಯಿಗಿಟ್ಟಳು. "ನನ್ನ ಪೈಕಿನ ಹೋದೆ, ನನ್ನ ಪೈಕಿನ ಗೆದ್ದೆ. ಹೌದಿಲ್ರಿ?" ಎಂದಳು. "ಹೌದು" ಎಂದೆ. ರಾತ್ರಿ ದೇವದುರ್ಗದಿಂದ ಕನಕಮ್ಮ ಫೋನು ಮಾಡಿ ಅತ್ತಳು. "ನಾ ಆ ದಿನ ಹಂಗ ಅನಬಾರದಿತ್ತು ಅಕ್ಕೋರ. ನೀವು ತಿರುಗಲಾರದ್ದ ಚಲೋ ಆತು. ನನ್ನ ಮಗಳು ತಾನಾ ಗಳಿಸಿದ್ಲು" ಎಂದಳು. ಅವಳಿಗೂ ಹೌದು ಎಂದೆ.

ಸೋಮವಾರ ಅವಳು ನಿಮ್ಮಲ್ಲಿಗೆ ಬರುತ್ತಾಳೆ. ಅವಳನ್ನು "ನಮ್ಮ ಅಕ್ಕೋರ ಹುಡುಗಿ" ಎಂದು ಯಾರ ಮುಂದೆಯೂ ಹೇಳಬೇಡ. ಅವಳ ಮುಂದಂತೂ ನನ್ನ ಹೆಸರನ್ನು ಎತ್ತಲೇಬೇಡ. ಅವಳು ತಪ್ಪು ಮಾಡಿದರೆ ಇತರರನ್ನು ಬೈಯುವಂತೆಯೇ ಬೈ. ನನ್ನ ಮುಖ ನೋಡಿ ಬಿಡಬೇಡ. ನಿನ್ನ ನಿರ್ಧಾರ ಏತರಿಂದ ಹುಟ್ಟಿದ್ದಾಗಿದ್ದರೂ ಅವಳ ಕೆಲಸ ಅವಳ ಕೈಯಿಂದಲೇ ಆಗುತ್ತದೆ. ಆ ಕೈಯನ್ನು ನಾನು ಬಲ್ಲೆ. ಇಂದು ನನಗಿರುವ ಧೈರ್ಯ ಅದೊಂದೇ. ನಿಮ್ಮ ಕಚೇರಿಯೂ ನಮ್ಮ ಸೀಮೆಯದೇ ಆದ್ದರಿಂದ ಒಂದಲ್ಲ ಒಂದು ದಿನ ಯಾರಾದರೂ ಅವಳನ್ನು ಯಾರ ಪೈಕಿ ಎಂದು ಕೇಳಿಯೇ ಕೇಳುತ್ತಾರೆ. ಆಗ ನೀನು ಹತ್ತಿರದಲ್ಲಿದ್ದರೆ ಬಾಯಿ ಹಾಕಬೇಡ. ಉತ್ತರ ಹೇಳುವುದನ್ನು ಅವಳಿಗೇ ಬಿಡು. ಅವಳ ಬಳಿ ಉತ್ತರವಿದೆ.

ಮನೆಗೆ ಬಂದು ನೋಡಿಕೊಂಡು ಹೋಗುತ್ತೇನೆಂದು ನೀನು ಕರೆಯ ಮೊದಲಿಗೇ ಹೇಳಿದ್ದೆ. ಬರಬೇಡಪ್ಪ. ನಿನ್ನನ್ನು ಎದುರು ಕೂರಿಸಿಕೊಂಡು, ತಟ್ಟೆಯಲ್ಲಿ ಅವಲಕ್ಕಿ ಹಾಕಿಕೊಟ್ಟು, ನಿನ್ನ ಮಕ್ಕಳ ಹೆಸರು ಕೇಳಬೇಕೆಂಬ ಆಸೆ ನನಗೆಷ್ಟಿದೆ ಎಂದು ಇಲ್ಲಿ ಬರೆದರೆ ಅಕ್ಷರ ಕೆಡುತ್ತದೆ. ಆದರೂ ಬರಬೇಡ. ಈ ಊರಿನಲ್ಲಿ ನಿನ್ನ ಕಾರು ನನ್ನ ಬಾಗಿಲಲ್ಲಿ ನಿಂತರೆ ಸಂಜೆಯೊಳಗೆ ಸುದ್ದಿ ದೇವದುರ್ಗ ಮುಟ್ಟುತ್ತದೆ. ಅವಳು ಗೆದ್ದು ತಂದದ್ದು ಅವಳ ಕೈಯಿಂದ ಜಾರುತ್ತದೆ. ಅವಳು ಅಲ್ಲಿ ಬೇರೂರಿ, ನಿನ್ನ ಮಾತೂ ನನ್ನ ಮಾತೂ ಅವಳನ್ನು ಅಲ್ಲಾಡಿಸಲಾಗದ ಕಾಲವೊಂದು ಬರಲಿ. ನಾನು ಆಗ ಇದ್ದರೆ, ಅವಳೇ ನಿನ್ನನ್ನು ಕರೆದುಕೊಂಡು ಬರಲಿ.

ಈ ಕಾಗದವನ್ನು ಓದಿ ಹರಿದುಬಿಡು. ದಾರಿಯಲ್ಲಿ ಎಲ್ಲಿಯಾದರೂ ಗೋಡೆಗೆ ತಿರುಗಿ ಕುಳಿತ ಮುದುಕಿಯೊಬ್ಬಳು ಕಂಡರೆ ಗುರುತು ಹಿಡಿಯದವನಂತೆ ಹೋಗು. ನಿನ್ನ ಹೆಜ್ಜೆಯ ಸದ್ದು ಕೇಳಿದರೆ ಸಾಕು, ಅವಳು ಕುಳಿತಲ್ಲಿಂದಲೇ ನಿನ್ನನ್ನು ಹರಸಿರುತ್ತಾಳೆ.

ನಿನ್ನ ಮಕ್ಕಳಿಗೆ ಆಯುಷ್ಯ, ನಿನ್ನ ಕೈಗೆ ನ್ಯಾಯ, ನಿನ್ನ ಮನೆಗೆ ನೆಮ್ಮದಿ ಎಂದೂ ತಪ್ಪದಿರಲಿ.

ನಿನ್ನ ಶಾಲೆಯ ಅಕ್ಕೋರು,
ತುಂಗಾಬಾಯಿ